ಅಪ್ಪನ ಕಪ್ಪು, ನನ್ನ ಕಂದು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಯಾರೂ ಕೇಳದಿದ್ದರೂ ಅದರ ಜೊತೆಗೆ ಪಿಎಚ್.ಡಿ.ಗೂ ಕೈ ಹಾಕಿದ್ದೆ. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡನ್ನು ಅತಿ ನುಣ್ಣಗೆ ಮಾಡಿ, ಅದರ ಮೇಲೆ ಬೆಳಕು ಬಿಟ್ಟರೆ ಎಷ್ಟನ್ನು ನುಂಗುತ್ತದೆ, ಎಷ್ಟನ್ನು ವಾಪಸು ಕೊಡುತ್ತದೆ ಎಂದು ನೋಡುವುದು ನನ್ನ ವಿಷಯ. ನ್ಯಾನೊ ಎಂಬ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ನೆಂಟರು ಕೇಳಿದಾಗ ಅವ್ವ "ಆಕಿ ತುಕ್ಕು ಓದಾಕತ್ಯಾಳ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಒಂದೆರಡು ವರ್ಷ ಕಳೆಯುವುದರೊಳಗೆ ಅದು ತುಕ್ಕೋ ಬೇರೆ ಏನೋ ಎಂಬುದು ನನಗೇ ತಿಳಿಯದಾಯಿತು.

ಪುಡಿ ಮಾಡುವುದೇನೂ ಕಷ್ಟವಿರಲಿಲ್ಲ. ಗಿಡಮೂಲಿಕೆ ಅಂಗಡಿಯಲ್ಲೂ ಸಿಗುವ ಅನ್ನಭೇದಿ ಎಂಬ ಹಸಿರು ಕಬ್ಬಿಣದ ಉಪ್ಪು, ಅದರ ಜೊತೆ ಪ್ರಯೋಗಾಲಯದ ಇನ್ನೊಂದು ಕಬ್ಬಿಣದ ಉಪ್ಪು, ಎರಡನ್ನೂ ನೀರಿನಲ್ಲಿ ಕರಗಿಸಿ ಅಮೋನಿಯಾ ಸುರಿದರೆ ಆಯಿತು. ಕಣ್ಣ ಮುಂದೆಯೇ ಅಚ್ಚ ಕಪ್ಪು ಮಡ್ಡಿ ಕೂಡುತ್ತಿತ್ತು. ಬೀಕರಿನ ಹೊರಗಿನಿಂದ ಅಯಸ್ಕಾಂತ ಹಿಡಿದರೆ ಮಡ್ಡಿಯೆಲ್ಲ ಆ ಕಡೆಗೆ ಸರಿದು ಗಾಜಿಗೆ ಅಂಟಿಕೊಳ್ಳುತ್ತಿತ್ತು. ಅದನ್ನು ತೊಳೆದು, ಒಣಗಿಸಿ, ಸಣ್ಣ ಶೀಸೆಗಳಲ್ಲಿ ತುಂಬಿ ಇಡುತ್ತಿದ್ದೆ.

ಬೆಳಕು ಅಳೆಯುವ ಯಂತ್ರ ಇದ್ದದ್ದು ಮಾತ್ರ ವಿಶ್ವವಿದ್ಯಾಲಯದಲ್ಲಿ. ಸರದಿ ಸಿಕ್ಕಾಗ ಹೋಗಬೇಕು. ಶೀಸೆಗಳನ್ನು ಸೀರೆಯ ನಡುವೆ ಸುತ್ತಿ ಟ್ರಂಕಿನಲ್ಲಿಟ್ಟು ಹುಬ್ಬಳ್ಳಿ ಕಡೆಯ ರೈಲು ಹತ್ತುತ್ತಿದ್ದೆ. ಬಾದಾಮಿ ಬಂದಾಗ ಕಿಟಕಿಯ ಆಚೆ ಕಾಣುವ ಕೆಂಪು ಬಂಡೆಗಳ ಕೆಂಪೂ ಕಬ್ಬಿಣದ್ದೇ, ಆದರೆ ಅದು ಅಯಸ್ಕಾಂತವನ್ನು ಮೂಸಿಯೂ ನೋಡುವುದಿಲ್ಲ ಎಂದು ಎದುರು ಕೂತವರಿಗೆ ಹೇಳಿ ಬೇಸರ ಬರಿಸಿದ್ದೂ ಉಂಟು. ವಿಶ್ವವಿದ್ಯಾಲಯ ಮುಟ್ಟಿ ಶೀಸೆ ತೆಗೆದು ನೋಡಿದರೆ ನನ್ನ ಕಪ್ಪು ಪುಡಿ ಕಪ್ಪಾಗಿ ಉಳಿದಿರುತ್ತಿರಲಿಲ್ಲ. ಸರದಿಗೆ ಕಾಯ್ದ ವಾರಗಳಲ್ಲಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿರುತ್ತಿತ್ತು.

ನನ್ನ ಮಾರ್ಗದರ್ಶಕರು ಮೊದಲ ಸಲವೇ ಇದು ತುಕ್ಕು, ಸರಿಯಾಗಿ ತೊಳೆದಿಲ್ಲ, ಮತ್ತೆ ಮಾಡಿ ತನ್ನಿ ಎಂದರು. ತುಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ ಸರ್ ಎಂದು ಅಯಸ್ಕಾಂತ ಹಿಡಿದು ತೋರಿಸಿದೆ. ಕಂದು ಪುಡಿ ಶೀಸೆಯೊಳಗೆ ಎದ್ದು ನಿಂತಿತು. ಒಳಗೆಲ್ಲೋ ಕಪ್ಪು ಉಳಿದಿರಬೇಕು, ಅದೇ ಎಳೆಯುತ್ತಿದೆ ಎಂದರು. ಎರಡನೇ ಸಲವೂ ಅದೇ ಆಯಿತು. ಮೂರನೇ ಸಲ ಅವರು ನನ್ನ ಶೀಸೆಗಳನ್ನು ಮುಟ್ಟಲೇ ಇಲ್ಲ. ನಾನು ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ಅತ್ತೆ. ಅಳುವಾಗಲೂ ತಲೆಯೊಳಗೆ ಇದೇ ನಡೆದಿತ್ತು: ಕಂದಾಗುವುದು ಕಣ ತೀರ ಸಣ್ಣದಾಗಿದ್ದಕ್ಕೋ, ಅದು ಗಾಳಿಯಿಂದ ಆಮ್ಲಜನಕ ಹೀರುವುದಕ್ಕೋ? ನುಣ್ಣಗಾದಷ್ಟೂ ಹೆಚ್ಚು ಹೀರುತ್ತದೆ, ಹೀರಿದಷ್ಟೂ ಕಂದಾಗುತ್ತದೆ. ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿರುವ ಕಂದು ಪಟ್ಟಿಯ ಮೇಲೆ ಬಳಿದಿರುವುದೂ ಇಂಥದ್ದೇ ಪುಡಿ, ಕಪ್ಪೂ ಅಲ್ಲದ, ತುಕ್ಕೂ ಅಲ್ಲದ, ಕಂದಾಗಿಯೂ ಅಯಸ್ಕಾಂತವಾಗಿರುವ ಮೂರನೆಯ ಜಾತಿ ಅದು ಎಂಬುದು ನನ್ನ ತಲೆಗೆ ಹೊಳೆಯಲು ಇನ್ನೂ ಸಮಯವಿತ್ತು. ಮನೆಯಲ್ಲಿ ಆ ಕ್ಯಾಸೆಟ್ಟುಗಳು ರಾಶಿ ಬಿದ್ದಿದ್ದವು.

ಇದೇ ಕಾಲಕ್ಕೆ ಅಪ್ಪನ ವಿಷಯ ಶುರುವಾಯಿತು.

ಅಪ್ಪ ಅವ್ವ ಇಳಕಲ್ಲಿನಲ್ಲಿದ್ದರು. ಅಪ್ಪನದು ನೂಲಿನ ಅಂಗಡಿ. ನೇಕಾರರು ರೇಷ್ಮೆ, ಹತ್ತಿ ನೂಲಿನ ಲಡಿ ಒಯ್ಯಲು ಬರುತ್ತಿದ್ದರು. ಬಣ್ಣದ ಮಾತಿನಲ್ಲಿ ಇಡೀ ಪೇಟೆಗೆ ಅಪ್ಪನ ಕಣ್ಣೇ ತಕ್ಕಡಿ. ಚಂದ್ರಕಾಳಿ ಸೀರೆಗೆ ಬೇಕಾದ ಕಪ್ಪು ಎಂದರೆ ಅವನು ಲಡಿಯನ್ನು ಅಂಗಡಿಯ ಹೊಸ್ತಿಲಿಗೆ ತಂದು ಬಿಸಿಲಿಗೆ ಹಿಡಿದು, ಇದು ನೀಲಿ ಒಡಲಿನ ಕಪ್ಪು, ಇದು ಕೆಂಪು ಒಡಲಿನ ಕಪ್ಪು ಎಂದು ಬೇರೆ ಮಾಡುತ್ತಿದ್ದ. ನನಗೆ ಎರಡೂ ಒಂದೇ ಕಾಣುತ್ತಿದ್ದವು. ಬಣ್ಣಗಾರರ ಜೊತೆ ಜಗಳವಾದಾಗಲೂ ಕಡೆಗೆ ಅಪ್ಪ ಹೇಳಿದ್ದೇ ನಿಲ್ಲುತ್ತಿತ್ತು. ಬಣ್ಣದ ಬಗ್ಗೆ ಅಪ್ಪ ಒಂದು ಮಾತು ಆಡಿದರೆ ಅದನ್ನು ಮತ್ತೆ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಂಗಡಿ ಬಿಟ್ಟರೆ ಅಪ್ಪನಿಗಿದ್ದದ್ದು ಲಿಂಗಪೂಜೆ. ಬೆಳಿಗ್ಗೆ ಜಳಕ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಹಿಂದಿನ ಗೂಡಿನಲ್ಲಿ ಎಣ್ಣೆಯ ದೀಪ. ಲಿಂಗದ ಮೇಲಿನ ಕಪ್ಪು ಲೇಪಕ್ಕೆ ಕಂತಿ ಎನ್ನುತ್ತಾರೆ. ಆ ಕಂತಿಯ ಹೊಳಪಿನಲ್ಲಿ ದೀಪದ ಬೆಳಕು ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ಅದನ್ನು ಎವೆ ಇಕ್ಕದೆ ನೋಡುತ್ತಾ ಕೂರುವುದೇ ಅಪ್ಪನ ಪೂಜೆಯ ತಿರುಳು. ಪೂಜೆ ಮುಗಿಯದೆ ಬಾಯಿಗೆ ಅನ್ನ ಇಲ್ಲ. ನಾನೂ ಲಿಂಗ ಕಟ್ಟಿಕೊಂಡವಳೇ. ಆದರೆ ನನ್ನ ಪೂಜೆ ಕಾಲೇಜಿನ ಗಂಟೆ ಹೊಡೆಯುವುದರೊಳಗೆ ಮುಗಿಯುತ್ತಿತ್ತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಾಗಲಿ, ಬಗ್ಗಿ ನೋಡುವುದಾಗಲಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪನ ಎದುರು ಎಷ್ಟು ಸಲ ಹಾದು ಹೋಗಿದ್ದೇನೋ, ಅವನ ಅಂಗೈಯಲ್ಲಿ ಇದ್ದದ್ದನ್ನು ಒಮ್ಮೆಯೂ ಕಂಡವಳಲ್ಲ.

ಒಮ್ಮೆ ರಜೆಗೆ ಬಂದಾಗ ನನ್ನ ಹೊಸ ಪುಡಿಯ ಶೀಸೆಯನ್ನು ಅಪ್ಪನಿಗೆ ತೋರಿಸಿದ್ದೆ. ಅವನು ಅದನ್ನು ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿದು, ಇಂಥ ಕಪ್ಪನ್ನು ತಾನು ನೂಲಿನಲ್ಲಿ ಕಂಡಿಲ್ಲ, ಬೆಳಕನ್ನೆಲ್ಲ ಕುಡಿದುಬಿಡುತ್ತದೆ ಎಂದ. ಮಾರ್ಗದರ್ಶಕರ ಬಾಯಿಂದ ಕೇಳಬೇಕೆಂದಿದ್ದ ಮಾತು ಅಪ್ಪನ ಬಾಯಿಂದ ಬಂದದ್ದಕ್ಕೆ ನನಗೆ ಹಿಗ್ಗು. ಆಮೇಲೆ ಅವನು ಒಂದು ಚಿಟಿಕೆ ಕೇಳಿದ. ಅವನ ಲಿಂಗದ ಕಂತಿ ಹಳೆಯದಾಗಿ ಅಲ್ಲಲ್ಲಿ ಸವೆದಿತ್ತಂತೆ. ಕೂಡಲಸಂಗಮದಲ್ಲಿ ಕಂತಿ ಕಟ್ಟಿಕೊಡುವ ಒಬ್ಬ ಅಯ್ಯನವರಿದ್ದರು. ದೀಪದ ಕಾಡಿಗೆ, ವಿಭೂತಿ, ಗೇರೆಣ್ಣೆ, ಮೇಣ, ಇನ್ನೇನೇನೋ ಕೂಡಿಸಿ ಅವರು ಲೇಪ ಮಾಡುತ್ತಿದ್ದರು. ಅದರಲ್ಲಿ ಮಗಳು ಮಾಡಿದ ಕಪ್ಪೂ ಒಂದಿಷ್ಟು ಇರಲಿ ಎಂಬುದು ಅಪ್ಪನ ಆಸೆ. ಪೊಟ್ಟಣ ಕಟ್ಟಿಕೊಟ್ಟೆ. ಅವನು ಹುನಗುಂದದ ಮೇಲೆ ಹಾಯ್ದು ಸಂಗಮಕ್ಕೆ ಹೋಗಿ ಹೊಸ ಕಂತಿ ಕಟ್ಟಿಸಿಕೊಂಡು ಬಂದ. ಕೆಲವು ತಿಂಗಳು ಭಾಳ ಖುಷಿಯಲ್ಲಿದ್ದ.

ಮಳೆಗಾಲ ಮುಗಿದ ಮೇಲೆ ನಾನು ಊರಿಗೆ ಹೋದಾಗ ಅಪ್ಪ ನನ್ನನ್ನು ಒಬ್ಬಳನ್ನೇ ಅಂಗಡಿಯ ಒಳಕೋಣೆಗೆ ಕರೆದ. ಬಾಗಿಲು ಮುಂದೆ ಮಾಡಿ ಕೇಳಿದ:

"ಯವ್ವಾ, ನಿನ್ನ ಪುಡಿ ಬಣ್ಣ ಬಿಡತೈತೇನು?"

ಯಾಕೆ ಎಂದೆ. ಲಿಂಗ ತಪಕೀರ ಬಣ್ಣಕ್ಕೆ ತಿರುಗುತ್ತಿದೆ ಎಂದ. ತಪಕೀರು ಎಂದರೆ ನಮ್ಮ ಕಡೆ ನಶ್ಯ. ಚುಕ್ಕೆ ಮೊದಲಿನಂತೆ ನಿಲ್ಲುತ್ತಿಲ್ಲ, ಹರಡಿ ಹೋಗುತ್ತದೆ, ಕೆಲವು ದಿನ ಕಾಣುವುದೇ ಇಲ್ಲ ಎಂದ. ಹೇಳುವಾಗ ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಶಾಲೆಯಲ್ಲಿ ತಪ್ಪು ಮಾಡಿ ಬಂದ ಹುಡುಗನ ಹಾಗೆ ಕೇಳಿಸಿತು.

ಈಗ ನಾಚಿಕೆಯೆನಿಸುತ್ತದೆ, ಆದರೆ ಆ ಹೊತ್ತಿಗೆ ನನಗೆ ಒಳಗೊಳಗೇ ಆನಂದವೇ ಆಯಿತು. ನೋಡು, ಅಲ್ಲಿಯೂ ಕಂದಾಯಿತು! ಎಣ್ಣೆ, ಮೇಣದೊಳಗೆ ಹೂತಿಟ್ಟರೂ ಕಣಗಳು ಗಾಳಿ ಹೀರಿಕೊಂಡವು. ನಾನು ಅಪ್ಪನಿಗೆ ಒಂದು ಪಾಠವನ್ನೇ ಹೇಳಿದೆ. ಕಪ್ಪು ಪುಡಿ ಆಮ್ಲಜನಕ ಕೂಡಿ ಕಂದಾಗುತ್ತದೆ, ಮೈ ಬಿಸಿಗೆ ಇನ್ನೂ ಬೇಗ ಆಗಿರಬೇಕು, ಕರಡಿಗೆ ಎದೆಯ ಮೇಲೇ ಇರುತ್ತದಲ್ಲ ಎಂದೆ. ಇದು ದೇವರ ಸಿಟ್ಟಲ್ಲ, ರಸಾಯನ ಎಂದೆ. ಅಪ್ಪ ಎಲ್ಲ ಕೇಳಿಸಿಕೊಂಡು ಗೋಣು ಹಾಕಿದ. ನನ್ನ ಪುಡಿ ಇಲ್ಲದ ಹಳೆಯ ತರಹದ ಕಂತಿ ಮತ್ತೆ ಕಟ್ಟಿಸು, ಸರಿಹೋಗುತ್ತದೆ ಎಂದು ಹೇಳಿ ನಾನು ಬಾಗಲಕೋಟೆಗೆ ಬಂದೆ.

ಅಪ್ಪ ಸಂಗಮಕ್ಕೆ ಹೋದ. ಅಯ್ಯನವರು ಲಿಂಗವನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲಿಯ ಕಂದು, ಡಾಂಬರಿನಂತೆ ಕಪ್ಪಗಿದೆಯಲ್ಲ ಎಂದರಂತೆ. ಅಪ್ಪ ಒಪ್ಪಲಿಲ್ಲ. ಪಾಪ, ಅಯ್ಯನವರಿಗೆ ವಯಸ್ಸಾಯಿತು, ಕಣ್ಣು ಮಂದ ಆಗಿವೆ ಎಂದು ನನಗೆ ಹೇಳಿದ. ನಾನೂ ಹಾಗೇ ಅಂದುಕೊಂಡೆ. ನೂಲಿನ ಪೇಟೆಯನ್ನೇ ಕಣ್ಣಳತೆಯಲ್ಲಿ ಇಟ್ಟುಕೊಂಡ ಅಪ್ಪನೆಲ್ಲಿ, ಹೊಗೆಯಲ್ಲಿ ಕೂತು ಲೇಪ ಅರೆಯುವ ಮುದುಕರೆಲ್ಲಿ! ಅಪ್ಪನ ಒತ್ತಾಯಕ್ಕೆ ಅವರು ಹಳೆಯ ಕಂತಿ ಕೆರೆದು ತೆಗೆದು ಹೊಸದು ಕಟ್ಟಿಕೊಟ್ಟರು. ನನ್ನ ಪುಡಿಯ ಹೆಸರೂ ಇಲ್ಲದ ಕಂತಿ.

ಅದೂ ತಪಕೀರ ಬಣ್ಣವೇ ಎಂದು ಅಪ್ಪನಿಂದ ಸುದ್ದಿ ಬಂತು.

ಇಲ್ಲಿಂದ ನನ್ನ ತಲೆ ಪೂರ್ತಿ ಕೆಟ್ಟಿತು. ಪುಡಿ ಇಲ್ಲದೆ ಕಂದು ಬರುವುದು ಹೇಗೆ? ಅಯ್ಯನವರು ಹಳೆಯದನ್ನು ಪೂರ್ತಿ ಕೆರೆದಿರಲಿಕ್ಕಿಲ್ಲ, ಕೆಳಗಿನ ಪದರ ಮೇಲೆ ತೋರುತ್ತಿರಬೇಕು. ತೆಳು ಪದರದಲ್ಲಿ ಬೆಳಕು ಹಾಯ್ದು ಹೋಗುವಾಗ ಕಪ್ಪೂ ಕಂದಾಗಿ ಕಾಣುತ್ತದೆ ಎಂದು ನನ್ನದೇ ಲೆಕ್ಕಗಳು ಹೇಳುತ್ತಿದ್ದವು, ಲೇಪ ತೆಳುವಾಗಿರಬೇಕು. ಇಲ್ಲವೇ ಅವರ ಕಾಡಿಗೆಯಲ್ಲೇ ಕಬ್ಬಿಣ ಇರಬೇಕು. ಅಯ್ಯನವರ ಮೇಲೆ ಸಿಟ್ಟು ಬಂತು. ಕಂತಿಯ ಒಂದು ಚೂರು ಸಿಕ್ಕರೆ ಯಂತ್ರದಲ್ಲಿಟ್ಟು ನೋಡಬಹುದಿತ್ತು ಎಂದು ಯೋಚಿಸಿದೆ, ಕೇಳುವ ಧೈರ್ಯ ಬರಲಿಲ್ಲ. ಕಾಲೇಜಿನಲ್ಲಿ ಬೆಳಕಿನ ಪಾಠ ಮಾಡುತ್ತಾ ನಡುವೆ ನಿಂತುಬಿಡುತ್ತಿದ್ದೆ. ಇಷ್ಟೆಲ್ಲ ಯೋಚಿಸಿದೆ, ಆ ಲಿಂಗವನ್ನು ನೋಡಬೇಕು ಎಂಬುದು ಮಾತ್ರ ನನ್ನ ಯೋಚನೆಯ ಹತ್ತಿರವೂ ಸುಳಿಯಲಿಲ್ಲ. ಅದು ನೋಡುವ ವಸ್ತುಗಳ ಸಾಲಿನಲ್ಲಿ ಇರಲೇ ಇಲ್ಲ.

ಇಳಕಲ್ಲಿನಲ್ಲಿ ಅಪ್ಪನ ಪೂಜೆ ಉದ್ದವಾಗುತ್ತಾ ಹೋಯಿತು. ಚುಕ್ಕೆ ಕಾಣುವ ತನಕ ಏಳುವುದಿಲ್ಲ ಎಂದು ಹಟ ಹಿಡಿದಿದ್ದ. ಮೊದಲು ಅಂಗಡಿ ತೆರೆಯುವುದು ತಡವಾಯಿತು. ಆಮೇಲೆ ಮಧ್ಯಾಹ್ನದ ಊಟ ಸಂಜೆಯ ಹತ್ತಿರಕ್ಕೆ ಸರಿಯಿತು. ಕೆಲವು ದಿನ ಊಟವೇ ಇಲ್ಲ, ಬರೀ ನೀರು. ಅವ್ವ ರೊಟ್ಟಿ ಬಡಿದು ಇಟ್ಟು, ಅವು ಆರಿ ಸೆಟೆದು ಹೋಗುವುದನ್ನು ನೋಡುತ್ತಾ ಕೂರುತ್ತಿದ್ದಳು. ದೀಪ ಸಣ್ಣದಾಯಿತೆಂದು ಅಪ್ಪ ದೊಡ್ಡ ದೀಪ ತರಿಸಿದ. ಬಲ್ಬಿನ ಬೆಳಕೂ ಸಾಲದೆಂದು ಬೈದ. ಸಂಜೆ ಕರೆಂಟಿನ ಮಗ್ಗಗಳು ಓಡುವ ಹೊತ್ತಿಗೆ ಊರಿನಲ್ಲಿ ಎಲ್ಲರ ಬಲ್ಬೂ ಮಂದವಾಗುತ್ತಿದ್ದುದರಿಂದ ಅವನ ಬೈಗುಳ ಯಾರಿಗೂ ವಿಶೇಷ ಅನಿಸಲಿಲ್ಲ. ಅವ್ವ ಒಮ್ಮೆ ನನಗೆ ಹೇಳಿ ಕಳಿಸಿದ್ದು ಇಷ್ಟೇ: ಅಂಗಿ ಮೈಮೇಲೆ ನಿಲ್ಲುತ್ತಿಲ್ಲ, ಬಂದು ನಿನ್ನ ಅಪ್ಪನನ್ನು ನೋಡು.

ನಾನು ರಜೆ ಹಾಕಿ ಹೊರಟೆ. ಬರಿಗೈಯಲ್ಲಿ ಹೋಗಲಿಲ್ಲ, ನನ್ನ ವಿದ್ಯೆ ಕಟ್ಟಿಕೊಂಡು ಹೋದೆ. ಬೇರೆ ಬೇರೆ ಹೊತ್ತು ಕಾಯಿಸಿದ ಪುಡಿಗಳನ್ನು ಶೀಸೆಗಳಲ್ಲಿ ತುಂಬಿ ಒಂದು ಬಣ್ಣದ ಸಾಲನ್ನೇ ಮಾಡಿದ್ದೆ. ಮೊದಲಿನದು ಆಗಷ್ಟೇ ಮಾಡಿದ ಅಚ್ಚ ಕಪ್ಪು, ಕಡೆಯದು ಬಾದಾಮಿಯ ಕಲ್ಲಿನಂತಹ ಕೆಂಪು, ನಡುವೆ ಕಪ್ಪಿನಿಂದ ಕಂದಿಗೆ ಇಳಿಯುವ ಛಾಯೆಗಳು. ಅಪ್ಪ ತನ್ನ ಲಿಂಗದ ಬಣ್ಣಕ್ಕೆ ಹೊಂದುವ ಶೀಸೆ ತೋರಿಸಿದರೆ, ಅದು ಎಷ್ಟು ಆಮ್ಲಜನಕ ಹೀರಿದೆ ಎಂದು ನಾನು ಹೇಳಬಲ್ಲೆ. ಎಂಥಾ ಜಾಣತನ! ಬಸ್ಸಿನಲ್ಲಿ ಹುನಗುಂದ ದಾಟುವ ತನಕ ನಾನು ಅದನ್ನೇ ಮೆಚ್ಚಿಕೊಳ್ಳುತ್ತಾ ಕೂತಿದ್ದೆ.

ಮನೆಗೆ ಹೋದಾಗ ಅಪ್ಪ ಇನ್ನೂ ಪೂಜೆಯಲ್ಲೇ ಇದ್ದ. ಹೊತ್ತು ನೆತ್ತಿ ದಾಟಿತ್ತು. ಕೊರಳಿನ ಎಲುಬು ಎದ್ದು ಕಾಣುತ್ತಿದ್ದವು. ಅವನ ಪಕ್ಕದಲ್ಲಿ ನೆಲದ ಮೇಲೆ ಶೀಸೆಗಳನ್ನು ಸಾಲಾಗಿ ಇಟ್ಟೆ.

"ಅಪ್ಪಾ, ಇದರಾಗ ಯಾವ ಬಣ್ಣ ಆಗೇತಿ, ತೋರಸು."

ಅವನು ಬಲಗೈಯಿಂದ ಒಂದೊಂದೇ ಶೀಸೆ ಎತ್ತಿ ಕಣ್ಣ ಹತ್ತಿರ ಹಿಡಿದ. ಕೆಂಪನ್ನು ಸರಿಯಾಗಿ ಬೇರೆ ಇಟ್ಟ. ಉಳಿದವನ್ನು ಎತ್ತುವುದು, ಇಡುವುದು, ಮತ್ತೆ ಎತ್ತುವುದು.

"ಯಾವುದಂತ ತೋರಸಲಿ? ಇವೆಲ್ಲಾ ಒಂದ ಬಣ್ಣ ಅದಾವಲ್ಲ. ಎಲ್ಲಾ ತಪಕೀರ."

ಅಚ್ಚ ಕಪ್ಪಿನ ಶೀಸೆಯೂ ಅವನ ಕೈಯಲ್ಲೇ ಇತ್ತು. ನನ್ನ ಮೊದಲ ಯೋಚನೆ ಏನು ಗೊತ್ತೇ? ಬಸ್ಸಿನ ಬಿಸಿಗೆ ಇದೂ ಕಂದಾಗಿಬಿಟ್ಟಿತು! ಅವನ ಕೈಯಿಂದ ಕಸಿದುಕೊಂಡು ಅಂಗಳಕ್ಕೆ ಓಡಿದೆ. ಬಿಸಿಲಿಗೆ ಹಿಡಿದೆ. ಕಪ್ಪು. ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡೆ. ಕಪ್ಪೇ. ಅಂಗಳದ ನಡುವೆ ನಿಂತು, ಕಪ್ಪು ಕಪ್ಪಾಗಿಯೇ ಇದ್ದರೆ ಅಪ್ಪ ಯಾಕೆ ಹಾಗೆ ಹೇಳಿದ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಎದುರಿಗೇ ಇದ್ದರೂ ಅದನ್ನು ಒಪ್ಪಲು ನನಗೆ ಬಹಳ ಹೊತ್ತು ಹಿಡಿಯಿತು. ವಯಸ್ಸಾದವರ ಕಣ್ಣಿನ ಪೊರೆ ಹಳದಿಗಟ್ಟಿ ಕಂದಾಗುತ್ತದೆ, ಅದರ ಮೂಲಕ ನೋಡಿದವರಿಗೆ ಕಪ್ಪಿನ ಮೇಲೂ ಕಂದು ಮಂಜು ಕವಿಯುತ್ತದೆ, ದೀಪದ ಚುಕ್ಕೆ ಹರಡಿ ಹೋಗುತ್ತದೆ ಎಂದು ಆಮೇಲೆ ದವಾಖಾನೆಯಲ್ಲಿ ಬಿಡಿಸಿ ಹೇಳಿದರು. ಆ ಮಧ್ಯಾಹ್ನ ನನಗೆ ಗೊತ್ತಾದದ್ದು ಇಷ್ಟೇ: ಅಪ್ಪನಿಗೆ ಕಪ್ಪು ಕಾಣುತ್ತಿಲ್ಲ.

ಒಳಗೆ ಬಂದೆ. ಹೇಗೆ ಹೇಳುವುದು? ಬಣ್ಣ ಹೇಳಿ ಬದುಕಿದವನಿಗೆ ನಿನ್ನ ಕಣ್ಣು ಸುಳ್ಳು ಹೇಳುತ್ತಿವೆ ಎನ್ನುವುದು ಹೇಗೆ? ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ಏನೂ ಹೇಳದೆ ನಿಂತಿದ್ದನ್ನು ಅಪ್ಪ ಬೇರೆ ರೀತಿ ತಿಳಿದುಕೊಂಡ. ನನ್ನ ವಿದ್ಯೆಯೂ ಸೋತಿತು ಎಂದುಕೊಂಡನೋ ಏನೋ. ಎಡಗೈಯನ್ನು ನಿಧಾನವಾಗಿ ನನ್ನ ಮುಂದೆ ಚಾಚಿದ.

"ನೀನ ನೋಡು ಯವ್ವಾ. ನೋಡಿ ಖರೆ ಹೇಳು."

ಅವ್ವ ಬೇಡ ಎಂಬಂತೆ ಒಂದು ಹೆಜ್ಜೆ ಮುಂದೆ ಬಂದಳು, ಮತ್ತೆ ನಿಂತಳು. ನಾನು ಅಪ್ಪನ ಮುಂದೆ ಮಂಡಿಯೂರಿ ಕೂತೆ. ಹುಟ್ಟಿದಾಗಿನಿಂದ ಆ ಅಂಗೈಯನ್ನು ಕಂಡಿದ್ದೇನೆ, ಅದರಲ್ಲಿ ಇದ್ದದ್ದನ್ನು ಆವತ್ತು ಮೊದಲು ಕಂಡೆ. ನೇರಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದು, ನುಣ್ಣಗೆ, ದುಂಡಗೆ. ನಾನು ಅಲ್ಲಿಯ ತನಕ ಮಾಡಿದ ಯಾವ ಪುಡಿಯೂ ಅಷ್ಟು ಕಪ್ಪಾಗಿರಲಿಲ್ಲ. ಗೂಡಿನ ದೀಪ ಅದರ ಮೇಲೆ ಒಂದು ಸಣ್ಣ ಚುಕ್ಕೆಯಾಗಿ ಅಲುಗದೆ ನಿಂತಿತ್ತು.

"ಕಪ್ಪ ಐತಿ ಅಪ್ಪಾ. ಅಚ್ಚ ಕಪ್ಪ. ಚುಕ್ಕಿ ನಡಬರಕ ನಿಂತೈತಿ."

"ಖರೇನ?"

"ಖರೇನ."

ಅವನು ನನ್ನ ಮುಖದ ಕಡೆ ನೋಡುತ್ತಿದ್ದ, ಆದರೆ ನನ್ನ ಮುಖ ಅವನಿಗೆ ಎಷ್ಟು ಕಾಣುತ್ತಿತ್ತೋ ಈಗ ನನಗೆ ಅನುಮಾನ. ಆಮೇಲೆ, ಹಂಗಾದರ ಕಣ್ಣು ಹೋಗ್ಯಾವ, ಎಂದ. ಅವನು ಅಳುತ್ತಾನೆ ಎಂದು ನಾನು ಕೈ ಮುಂದೆ ಮಾಡಿದೆ. ಅಪ್ಪ ನಗುತ್ತಿದ್ದ. ಎಷ್ಟೋ ತಿಂಗಳಿಂದ ಆ ಮುಖದಲ್ಲಿ ಕಾಣದಿದ್ದ ನಗು. ನನಗೆ ಏನೂ ತಿಳಿಯಲಿಲ್ಲ. ಬಣ್ಣವೇ ಬದುಕಾಗಿದ್ದವನು ತನ್ನ ಕಣ್ಣು ಹೋದ ಸುದ್ದಿ ಕೇಳಿ ನಗುವುದನ್ನು ಯಾವ ಮಗಳು ತಾನೇ ಅರ್ಥ ಮಾಡಿಕೊಂಡಾಳು! ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಕೈಯಿಂದ ತಡವಿ ಕರಡಿಗೆಗೆ ಸೇರಿಸಿ, ಅವನು ರೊಟ್ಟಿ ಹಾಕು ಎಂದು ಅವ್ವನಿಗೆ ಹೇಳಿದ. ಅವ್ವ ತಾಟು ತಂದಿಟ್ಟಳು. ಅವನು ಮೊದಲ ತುತ್ತು ಮುರಿಯುವಾಗ ನಾನು ತಡೆಯಲಾರದೆ, ಅಪ್ಪಾ, ಇದರಾಗ ನಗೂದು ಏನೈತಿ, ಎಂದು ಕೇಳಿದೆ.

"ಅಂವ ನನ್ನ ಬಿಟ್ಟು ಹೋದ ಅಂತ ಮಾಡಿದ್ದೆ ಯವ್ವಾ," ಎಂದ ಅಪ್ಪ, ಕೊರಳಿನ ಕರಡಿಗೆ ಮುಟ್ಟಿ. "ಕಣ್ಣಿಗಾದರ ದವಾಖಾನಿ ಐತಿ. ಅಂವನ ಬಿಟ್ಟಿದ್ದರ ನಾ ಎಲ್ಲಿಗೆ ಹೋಗಬೇಕಿತ್ತು?"

ಅವನು ಹೊಟ್ಟೆ ತುಂಬ ಉಂಡ.